ಜನ ಒಬ್ಬರನ್ನು ಏಕೆ ಆರಾಧಿಸುತ್ತಾರೆ?
ಬೀದರ್ ಸೀಮೆಯ ಇತಿಹಾಸ ಕೊಡುವ ಕೆಲವು ಉತ್ತರಗಳು

ಬೀದರ್ ನಗರದಿಂದ ಪೂರ್ವಕ್ಕೆ ಸುಮಾರು 3 ಕಿಲೋಮೀಟರ್ ಹೋದರೆ ಅಷ್ಟೂರು ಎಂಬ ಹಳ್ಳಿ ಸಿಗುತ್ತದೆ. ಹೊಲಗಳ ನಡುವೆ ಸಾಲಾಗಿ ನಿಂತ ಭಾರಿ ಗುಮ್ಮಟಗಳು ದೂರದಿಂದಲೇ ಕಾಣುತ್ತವೆ. ಅವು ಬಹಮನಿ ಸುಲ್ತಾನರ ಗೋರಿಗಳು. ವರ್ಷದ ಹೆಚ್ಚಿನ ದಿನಗಳಲ್ಲಿ ಅಲ್ಲಿ ಪ್ರವಾಸಿಗರು, ಪಾರಿವಾಳಗಳು, ಗಾಳಿ ಇಷ್ಟೇ. ಆದರೆ ಹೋಳಿ ಹುಣ್ಣಿಮೆಯಿಂದ ಎಣಿಸಿ ಇಪ್ಪತ್ತನೆಯ ದಿನದ ಹೊತ್ತಿಗೆ ಆ ಬಯಲಿನ ಚಹರೆಯೇ ಬದಲಾಗುತ್ತದೆ. ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರೊಬ್ಬರು ಭಕ್ತರೊಡನೆ ಶಂಖ ಊದಿಸುತ್ತ ಬರುತ್ತಾರೆ. ಗುಮ್ಮಟಗಳ ಪೈಕಿ ಒಂದರೊಳಗೆ ಹೋಗಿ ಗೋರಿಗೆ ಹೂವೇರಿಸುತ್ತಾರೆ, ಕಾಯಿ ಒಡೆಯುತ್ತಾರೆ. ಪಕ್ಕದಲ್ಲೇ ಮುಸ್ಲಿಮರು ಫಾತಿಹಾ ಓದುತ್ತಾರೆ. ಒಬ್ಬರು ಅದನ್ನು ಜಾತ್ರೆ ಎನ್ನುತ್ತಾರೆ, ಇನ್ನೊಬ್ಬರು ಉರುಸು ಎನ್ನುತ್ತಾರೆ. ಮುಸ್ಲಿಮರಿಗೆ ಅಲ್ಲಿ ಮಲಗಿರುವವನು ‘ವಲಿ’, ಎಂದರೆ ದೇವರಿಗೆ ಹತ್ತಿರದವನು. ಅನೇಕ ಲಿಂಗಾಯತ ಭಕ್ತರಿಗೆ ಅವನು ಅಲ್ಲಮಪ್ರಭುವಿನ ಅವತಾರ.

ವಿಚಾರ ಮಾಡಿ ನೋಡಿ. ಆ ಗೋರಿಯಲ್ಲಿರುವವನು ಸೂಫಿಯಲ್ಲ, ಶರಣನೂ ಅಲ್ಲ. ಅವನು ಒಬ್ಬ ಅರಸ. ಬಹಮನಿ ಸುಲ್ತಾನ ಒಂದನೆಯ ಅಹ್ಮದ್ ಶಾ. ಆಳಿದ್ದು 1422ರಿಂದ 1436ರವರೆಗೆ. ಅಲ್ಲಮಪ್ರಭು ಬಾಳಿದ್ದು 12ನೆಯ ಶತಮಾನದಲ್ಲಿ. ಇಬ್ಬರ ನಡುವೆ ಸುಮಾರು 300 ವರ್ಷಗಳ ಅಂತರವಿದೆ. ಹಾಗಾದರೆ ಖಡ್ಗ ಹಿಡಿದ ಸುಲ್ತಾನನೊಬ್ಬನನ್ನು ಎರಡು ಧರ್ಮಗಳ ಜನ ಸೇರಿ ಗದ್ದುಗೆಯಿಂದ ಎತ್ತಿ ಗುಡಿಯೊಳಗೆ ಕೂರಿಸಿದ್ದು ಹೇಗೆ?

ಈ ಪ್ರಶ್ನೆ ಬರಿಯ ಬಹಮನಿ ಇತಿಹಾಸದ್ದಲ್ಲ. ನಿಮ್ಮ ಕೋಣೆಯ ಗೋಡೆಗೆ ಅಂಟಿಸಿರುವ ಸಿನಿಮಾ ನಟನ ಚಿತ್ರಕ್ಕೂ, ಕ್ರಿಕೆಟ್ ಆಟಗಾರನ ಹೆಸರು ಬರೆದ ಅಂಗಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಜನ ಒಬ್ಬರನ್ನು ಏಕೆ ಹೀಗೆ ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೀದರ್, ಭಾಲ್ಕಿ, ಔರಾದ್ ಈ ಮೂರು ಊರುಗಳ ಸೀಮೆಯಲ್ಲೇ ಆರುನೂರು ವರ್ಷಗಳ ಸಾಕ್ಷ್ಯವಿದೆ.

ಮಳೆ ಬಂದ ದಿನ

ಅಹ್ಮದ್ ಶಾ ಪಟ್ಟಕ್ಕೆ ಬಂದದ್ದು ಸುಗಮವಾಗಿ ಅಲ್ಲ. ಅವನ ಅಣ್ಣ ಫಿರೋಜ್ ಶಾ ತನ್ನ ಮಗನಿಗೆ ಸಿಂಹಾಸನ ಕೊಡಬೇಕೆಂದಿದ್ದನು. ಗುಲ್ಬರ್ಗದ ಸೂಫಿ ಸಂತ ಬಂದೇ ನವಾಜ್ ಗೇಸುದರಾಜರ ಒಲವು ತಮ್ಮನ ಕಡೆಗಿತ್ತು. ಕಡೆಗೆ 1422ರಲ್ಲಿ ತಮ್ಮನೇ ಅರಸನಾದನು. ಕೆಲವು ವರ್ಷಗಳಲ್ಲಿ ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ತಂದನು. ಇಂದು ನಾವು ಕಾಣುವ ಬೀದರ್ ಕೋಟೆಯ ಮುಖ್ಯ ಭಾಗ 1432ರ ಹೊತ್ತಿಗೆ ಸಿದ್ಧವಾಯಿತು.

ಅವನ ಆಳ್ವಿಕೆಯ ಆರಂಭದಲ್ಲೇ ದಖ್ಖನಿನಲ್ಲಿ ಭೀಕರ ಬರಗಾಲ ಬಿತ್ತು. ಇತಿಹಾಸಕಾರ ಫಿರಿಶ್ತಾ ಹೇಳುವಂತೆ, ಸುಲ್ತಾನನು ತಾನೇ ಬಯಲಿಗೆ ಹೋಗಿ, ಜನರ ಕಣ್ಣೆದುರಿನಲ್ಲಿ ಮಳೆಗಾಗಿ ದೇವರಲ್ಲಿ ಮೊರೆಯಿಟ್ಟನು. ಮೋಡ ಕವಿಯಿತು, ಮಳೆ ಸುರಿಯಿತು. ಜನ ಅವನನ್ನು ‘ವಲಿ’ ಎಂದು ಕೂಗಿದರು. ಆ ಹೆಸರು ಅವನಿಗೆ ಅಂಟಿಕೊಂಡಿತು. ಇಂದಿಗೂ ಅವನು ಅಹ್ಮದ್ ಶಾ ವಲಿ.

ಮಳೆ ಪ್ರಾರ್ಥನೆಯಿಂದ ಬಂದಿತೋ ಋತುಮಾನದಿಂದ ಬಂದಿತೋ ಎಂಬುದು ಇಲ್ಲಿ ನಮ್ಮ ಚರ್ಚೆಯಲ್ಲ. ಬರದಲ್ಲಿ ಬೆಂದಿದ್ದ ರೈತನ ಕಣ್ಣಿನಿಂದ ಆ ದಿನವನ್ನು ನೋಡೋಣ. ಬೀದರ್ ಇರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲೆ. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಮಂಜರಾ ನದಿ ಕೆಳಗೆ ದೂರದಲ್ಲಿ ಹರಿಯುತ್ತದೆ. ಇಲ್ಲಿ ಎಲ್ಲ ಬದುಕೂ ಮುಂಗಾರಿನ ಕೈಯಲ್ಲಿ. ಅಂತಹ ಕಡೆ, ಎಲ್ಲರಿಗೂ ಬೇಕಾದ ಒಂದೇ ಒಂದು ವಸ್ತು ಒಬ್ಬ ಮನುಷ್ಯ ಕೈಯೆತ್ತಿದಾಗ ಬಂದಿತು. ಅಂದು ಜನ ನೋಡಿದ್ದು ಸುಲ್ತಾನನನ್ನಲ್ಲ. ತಮ್ಮ ಬಾಯಾರಿಕೆಗೆ ಸಿಕ್ಕ ಉತ್ತರವನ್ನು.

ನೆನಪು ಆರಿಸಿಕೊಂಡದ್ದು

ಆದರೆ ಅದೇ ಫಿರಿಶ್ತಾ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ. ವಿಜಯನಗರದ ಮೇಲಿನ ದಂಡಯಾತ್ರೆಯಲ್ಲಿ ಅಹ್ಮದ್ ಶಾ ಹಳ್ಳಿಗಳಲ್ಲಿ ಕಗ್ಗೊಲೆ ನಡೆಸಿದನು; ಸತ್ತವರ ಲೆಕ್ಕ 20,000 ಮುಟ್ಟಿದಾಗಲೆಲ್ಲ ದಂಡನ್ನು ನಿಲ್ಲಿಸಿ ಮೂರು ದಿನ ಉತ್ಸವ ಮಾಡಿದನು ಎಂಬುದು ಅವನ ಬರಹ. ಫಿರಿಶ್ತಾ ಈ ಗ್ರಂಥವನ್ನು ಬರೆದದ್ದು ಬಿಜಾಪುರದ ಆಸ್ಥಾನದಲ್ಲಿ, 17ನೆಯ ಶತಮಾನದ ಆದಿಯಲ್ಲಿ. ಎಂದರೆ ಘಟನೆಗಳಾಗಿ ಸುಮಾರು 180 ವರ್ಷಗಳ ಮೇಲೆ. ಆಸ್ಥಾನದ ಇತಿಹಾಸಕಾರರು ಯುದ್ಧದ ಲೆಕ್ಕವನ್ನು ಉಬ್ಬಿಸುವುದು ಸಾಮಾನ್ಯ. ಸಂಖ್ಯೆಯನ್ನು ನಾವು ಅನುಮಾನಿಸಬಹುದು. ಆದರೆ ಯುದ್ಧ ಕ್ರೂರವಾಗಿತ್ತೆಂಬುದನ್ನು ಅನುಮಾನಿಸಲು ಕಾರಣವಿಲ್ಲ.

ಇಲ್ಲಿ ಒಂದು ಮುಖ್ಯ ಪಾಠವಿದೆ. ಮಳೆಯ ಕಥೆ, ಕೊಲೆಯ ಕಥೆ ಎರಡೂ ಒಂದೇ ಪುಸ್ತಕದಲ್ಲಿವೆ. ಒಂದನ್ನು ನಂಬಿ ಇನ್ನೊಂದನ್ನು ಬಿಡುವುದು ಇತಿಹಾಸದ ವಿದ್ಯಾರ್ಥಿಗೆ ಸಲ್ಲದು. ಆದರೆ ಜನರ ನೆನಪು ಇತಿಹಾಸದ ವಿದ್ಯಾರ್ಥಿಯಲ್ಲ. ಅದು ತನಗೆ ಬೇಕಾದುದನ್ನು ಆರಿಸಿಕೊಂಡಿತು. ಬೀದರಿನ ಸುತ್ತಲಿನ ಜನಕ್ಕೆ ಕಂಡದ್ದು ಮಳೆ. ಯುದ್ಧ ನಡೆದದ್ದು ದಕ್ಷಿಣದ ಬೇರೆ ಹೊಲಗಳಲ್ಲಿ. ಅಲ್ಲಿಯ ಅಳಲು ಇಲ್ಲಿಗೆ ಕೇಳಲಿಲ್ಲ. ಹೀಗೆ ಇಡೀ ಮನುಷ್ಯನಲ್ಲಿ ಒಂದು ತುಂಡನ್ನು ತೆಗೆದು ಅದಕ್ಕೆ ಹೊಳಪು ಕೊಟ್ಟು ಇಡುವುದೇ ಆರಾಧನೆಯ ಮೊದಲ ಕೆಲಸ. ನಾವು ಪೂಜಿಸುವವರ ಬಗ್ಗೆ ನಮಗೆ ಗೊತ್ತಿರುವುದು ಯಾವಾಗಲೂ ಅವರಲ್ಲಿ ಒಂದು ಪಾಲು ಮಾತ್ರ.

ಹಾಗೆಂದು ಅಷ್ಟೂರಿನ ಜಾತ್ರೆ ಸುಳ್ಳಾಗುವುದಿಲ್ಲ. ಸಂತರ ಮೇಲೆ ಅಹ್ಮದ್ ಶಾನಿಗೆ ನಿಜವಾದ ಗೌರವವಿತ್ತು. ಇರಾನಿನ ಕಿರ್ಮಾನ್ ಪ್ರಾಂತದ ಸೂಫಿ ಶಾ ನಿಮತುಲ್ಲಾರ ವಂಶದವರನ್ನು ಅವನು ಬೀದರಿಗೆ ಬರಮಾಡಿಕೊಂಡನು. ಅವರಲ್ಲಿ ಒಬ್ಬರಾದ ಖಲೀಲುಲ್ಲಾರ ಚೌಖಂಡಿ ಅಷ್ಟೂರಿನ ದಾರಿಯಲ್ಲೇ ಇದೆ. ಅದಕ್ಕಿಂತ ಹೆಚ್ಚಾಗಿ, ಕಾಲ ಕಳೆದಂತೆ ಜನ ಆ ಗೋರಿಯ ಸುತ್ತ ತಮ್ಮದೇ ಆದ ಒಂದು ಬಾಳನ್ನು ಕಟ್ಟಿಕೊಂಡರು. ಎರಡು ಮತದವರು ಒಂದೇ ಹೊಸ್ತಿಲು ದಾಟುವ ಅಭ್ಯಾಸ ಬೆಳೆಯಿತು. ಉರುಸಿನ ದಿನವನ್ನು ಹಿಜರಿ ತಿಂಗಳಿನಿಂದಲ್ಲ, ಹೋಳಿಯಿಂದ ಎಣಿಸುವ ರೂಢಿ ನಿಂತಿತು. ಸುಲ್ತಾನ ಕೊಟ್ಟದ್ದು ಒಂದು ಮಳೆ. ಉಳಿದುದನ್ನೆಲ್ಲ ಕೊಟ್ಟವರು ಜನರೇ.

ಜಾತ್ರೆಯಿಲ್ಲದ ದೊಡ್ಡವರು

ಹಾಗಾದರೆ ಉಪಕಾರ ಮಾಡಿದವರೆಲ್ಲರನ್ನೂ ಜನ ಆರಾಧಿಸುತ್ತಾರೆಯೇ? ಇಲ್ಲ. ಬೀದರಿನಲ್ಲೇ ಇದಕ್ಕೆ ಎರಡು ಉದಾಹರಣೆಗಳಿವೆ.

ಮೊದಲನೆಯದು ಮಹಮೂದ್ ಗವಾನ್. ಇರಾನಿನ ಗಿಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಹೊರಟು 1453ರ ಸುಮಾರಿಗೆ ಬೀದರಿಗೆ ಬಂದವನು ಇವನು. ಮುಂದೆ ಬಹಮನಿ ರಾಜ್ಯದ ಪ್ರಧಾನ ಮಂತ್ರಿಯಾದನು. ಪ್ರಾಂತಗಳನ್ನು ಮತ್ತೆ ವಿಂಗಡಿಸಿ ಪ್ರಾಂತಾಧಿಕಾರಿಗಳ ದರ್ಪವನ್ನು ಕುಗ್ಗಿಸಿದನು, ಭೂಮಿಯ ಅಳತೆ ಮಾಡಿಸಿದನು, 1472ರಲ್ಲಿ ಬಣ್ಣದ ಹೆಂಚುಗಳ ಹೊದಿಕೆಯ ಬೃಹತ್ ಮದರಸಾ ಕಟ್ಟಿಸಿದನು. ಅದರ ಒಂದು ಮಿನಾರು ಇಂದಿಗೂ ನಿಂತಿದೆ. ಅವನ ಕಥೆಯ ಕೊನೆ ಹೃದಯ ಹಿಂಡುವಂಥದ್ದು. ವಿರೋಧಿಗಳು ಅವನ ಮುದ್ರೆಯೊತ್ತಿದ ಕಾಗದದಲ್ಲಿ ರಾಜದ್ರೋಹದ ಸುಳ್ಳು ಪತ್ರ ಬರೆದರು. ಮೂರನೆಯ ಮುಹಮ್ಮದ್ ಶಾ ವಿಚಾರಣೆಯಿಲ್ಲದೆ 1481ರ ಏಪ್ರಿಲ್ 5ರಂದು ಅವನ ತಲೆ ತೆಗೆಸಿದನು. ಒಂದು ವರ್ಷದೊಳಗೆ ಸುಲ್ತಾನನೂ ಸತ್ತನು, ರಾಜ್ಯ ಒಡೆಯತೊಡಗಿತು. ಇಷ್ಟು ದೊಡ್ಡ ಮನುಷ್ಯನ ಗೋರಿ ಬೀದರಿನ ಹೊರಗೆ ಯಾವ ಆಡಂಬರವೂ ಇಲ್ಲದೆ ಇದೆ. ಅಷ್ಟೂರಿನ ಹಾಗೆ ಅಲ್ಲಿ ಜಾತ್ರೆ ಕೂಡುವುದಿಲ್ಲ.

ಎರಡನೆಯ ಉದಾಹರಣೆಗೆ ಹೆಸರೇ ಇಲ್ಲ. ಬೀದರಿನ ನೌಬಾದ್ ಬಳಿ ನೆಲದಡಿ ಹರಿಯುವ ಒಂದು ಕಾಲುವೆಯಿದೆ. ಇರಾನಿನಲ್ಲಿ ಇಂಥದನ್ನು ಕರೇಜ್ ಎನ್ನುತ್ತಾರೆ. ಇಲ್ಲಿಯ ಜನ ಸುರಂಗ ಬಾವಿ ಎನ್ನುತ್ತಾರೆ. ಬಹಮನಿ ಕಾಲದಲ್ಲಿ ಇರಾನಿ ತಂತ್ರವನ್ನು ಬಳಸಿ ಗಟ್ಟಿ ಜಂಬಿಟ್ಟಿಗೆಯನ್ನು ಕೊರೆದು ಮಾಡಿದ ಕೆಲಸವಿದು. ಅಂತರ್ಜಲವನ್ನು ಸೌಮ್ಯ ಇಳಿಜಾರಿನಲ್ಲಿ ಹರಿಸಿ ಊರಿಗೆ ತರುವುದು, ನಡುನಡುವೆ ಗಾಳಿ ಬೆಳಕಿಗೆ ಬಾವಿಯಂಥ ಕಿಂಡಿ ತೆಗೆಯುವುದು ಇದರ ಕ್ರಮ. ಪ್ರಾರ್ಥನೆಯ ಮಳೆ ಒಂದು ಬರಗಾಲವನ್ನು ನೀಗಿತು. ಸುರಂಗ ಬಾವಿ ತಲೆಮಾರುಗಳಿಗೆ ನೀರು ಕೊಟ್ಟಿತು. ಆದರೆ ಕತ್ತಲಲ್ಲಿ ಕುಳಿತು ಉಳಿ ಹಿಡಿದು ಕಲ್ಲು ಕೊರೆದವರ ಹೆಸರಿನಲ್ಲಿ ಒಂದು ಹೂವೂ ಏರುವುದಿಲ್ಲ. ಹೂಳು ತುಂಬಿ ಮರೆತೇ ಹೋಗಿದ್ದ ಆ ಸುರಂಗವನ್ನು ಮತ್ತೆ ತೋಡಿ ತೆರೆಯುವ ಕೆಲಸ ಆರಂಭವಾದದ್ದು ಇತ್ತೀಚಿನ ದಶಕದಲ್ಲಿ.

ಈ ವ್ಯತ್ಯಾಸಕ್ಕೆ ಕಾರಣವೇನು? ಆರಾಧನೆಗೆ ಮೂರು ವಿಷಯ ಕೂಡಿಬರಬೇಕೆಂದು ಇದರಿಂದ ತೋರುತ್ತದೆ. ಮೊದಲನೆಯದು, ಬಹುಜನರಿಗೆ ಒಟ್ಟಿಗೆ ಇರುವ ಒಂದು ಕೊರತೆ. ಎರಡನೆಯದು, ಆ ಕೊರತೆ ನೀಗಿದ್ದನ್ನು ಕಣ್ಣಾರೆ ಕಾಣುವ ಒಂದು ಗಳಿಗೆ, ಆ ಗಳಿಗೆಗೆ ಒಂದು ಮುಖ. ಮೂರನೆಯದು, ಅದನ್ನು ಮತ್ತೆ ಮತ್ತೆ ಹೇಳುವ ಬಾಯಿ, ಮತ್ತೆ ಮತ್ತೆ ಮಾಡುವ ಆಚರಣೆ. ಅಹ್ಮದ್ ಶಾನಿಗೆ ಮೂರೂ ಒದಗಿದವು. ಗವಾನನ ಸುಧಾರಣೆ ಕಡತದಲ್ಲಿ ನಡೆಯಿತು. ಹೊಲದಲ್ಲಿದ್ದ ರೈತ ಅವನ ಮುಖ ಕಾಣಲಿಲ್ಲ. ಸುರಂಗ ತೋಡಿದವರಿಗಂತೂ ಮುಖವೇ ಇಲ್ಲ. ಕನ್ನಡ ನಾಡಿನ ವೀರಗಲ್ಲುಗಳನ್ನು ನೆನಪು ಮಾಡಿಕೊಳ್ಳಿ. ತುರು ಕಾಯುತ್ತ, ಊರು ಉಳಿಸುತ್ತ ಕಣ್ಣೆದುರಿಗೆ ಸತ್ತವನಿಗೆ ಊರು ಕಲ್ಲು ನಿಲ್ಲಿಸಿತು. ಬದುಕಿದ್ದು ದಿನವೂ ಅದೇ ತುರುಗಳನ್ನು ಮೇಯಿಸಿದವನಿಗೆ ಕಲ್ಲಿಲ್ಲ.

ಕಲ್ಲಿನ ನೆಲದಲ್ಲಿ ಸಿಹಿನೀರು

ಬೀದರಿನಲ್ಲಿಯೇ ಇನ್ನೊಂದು ನೀರಿನ ಕಥೆಯಿದೆ. ಸಿಖ್ಖರ ಸಂಪ್ರದಾಯದಂತೆ 16ನೆಯ ಶತಮಾನದ ಆದಿಯಲ್ಲಿ ಗುರು ನಾನಕರು ತಮ್ಮ ದಕ್ಷಿಣ ಯಾತ್ರೆಯಲ್ಲಿ ಇಲ್ಲಿಗೆ ಬಂದರು. ಕುಡಿಯುವ ನೀರಿಗಾಗಿ ಜನ ಪರದಾಡುತ್ತಿದ್ದರು. ಗುರುಗಳು ಬೆಟ್ಟದ ಬುಡದ ಕಲ್ಲೊಂದನ್ನು ಸರಿಸಿದಾಗ ಸಿಹಿನೀರಿನ ಒರತೆ ಚಿಮ್ಮಿತು ಎಂಬುದು ನಂಬಿಕೆ. ಆ ಒರತೆಯೇ ನಾನಕ್ ಝೀರಾ. 1948ರಲ್ಲಿ ಅಲ್ಲಿ ಗುರುದ್ವಾರ ನಿರ್ಮಾಣವಾಯಿತು. ಇಂದು ದೇಶದ ನಾನಾ ಕಡೆಗಳಿಂದ ಯಾತ್ರಿಕರು ಬರುತ್ತಾರೆ.

ಗಮನಿಸಿ: ಊರು ಒಂದೇ, ಕೊರತೆ ಒಂದೇ. ಅರಸನಿಗೂ ಗುರುವಿಗೂ ಜನ ಒಂದೇ ಬಗೆಯ ಪವಾಡವನ್ನು ಕೊಟ್ಟಿದ್ದಾರೆ. ಕಡಲ ತೀರದ ಊರಾಗಿದ್ದರೆ ಕಥೆ ಬಿರುಗಾಳಿ ನಿಲ್ಲಿಸಿದ್ದಾಗಿರುತ್ತಿತ್ತೋ ಏನೋ. ಜನರ ಕೊರತೆಯೇ ಮೂರ್ತಿಯ ಅಚ್ಚು. ಯಾರನ್ನು ಆರಾಧಿಸುತ್ತಾರೆ ಎಂಬುದನ್ನು ನೋಡಿದರೆ ಆರಾಧಿಸುವವರ ಬಾಯಾರಿಕೆ ಯಾವುದು ಎಂದು ತಿಳಿಯುತ್ತದೆ.

ನಾನಕರ ಪರಂಪರೆಯಲ್ಲಿ ಬೀದರಿಗೆ ಇನ್ನೊಂದು ಕೊಂಡಿಯೂ ಇದೆ. 1699ರಲ್ಲಿ ಗುರು ಗೋವಿಂದ ಸಿಂಗರು ಆನಂದಪುರದಲ್ಲಿ ಖಾಲ್ಸಾ ಸ್ಥಾಪಿಸಿದಾಗ ತಲೆಕೊಡಲು ಎದ್ದುನಿಂತ ಐವರಲ್ಲಿ ಒಬ್ಬರು ಬೀದರಿನ ಕ್ಷೌರಿಕ ಮನೆತನದವರು. ಮುಂದೆ ಅವರು ಭಾಯಿ ಸಾಹಿಬ್ ಸಿಂಗ್ ಎನಿಸಿದರು. ಗುರುಗಳು ಆ ಐವರಿಗೆ ದೀಕ್ಷೆ ಕೊಟ್ಟ ಮೇಲೆ ತಾವೂ ಅವರಿಂದಲೇ ದೀಕ್ಷೆ ಪಡೆದರು. ಆರಾಧನೆ ಒಂದೇ ದಿಕ್ಕಿಗೆ ಹರಿಯಲಿಲ್ಲ. ಮೇಲಿದ್ದವರು ಕೆಳಗಿಳಿದು ಭಕ್ತನನ್ನು ಮೇಲೆತ್ತಿದರು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೊರಗೆ ಉರ್ದು ಫಲಕ, ಒಳಗೆ ಕನ್ನಡ

ಈಗ 20ನೆಯ ಶತಮಾನಕ್ಕೆ ಬರೋಣ. ಬೀದರ್ ಸೀಮೆ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ, ಶಾಲೆಯ ಭಾಷೆ ಉರ್ದು. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ಮಗು ಅಕ್ಷರ ಕಲಿಯಬೇಕಾದರೆ ಇನ್ನೊಂದು ಭಾಷೆಯ ಬಾಗಿಲು ತಟ್ಟಬೇಕಿತ್ತು. ಖಾಸಗಿ ಶಾಲೆ ತೆರೆಯುವುದಕ್ಕೆ ಸರ್ಕಾರದ ಅಪ್ಪಣೆ ಬೇಕು. ಉರ್ದು ಒಳ್ಳೆಯ ಭಾಷೆ, ಸಂಪನ್ನ ಸಾಹಿತ್ಯವುಳ್ಳದ್ದು, ದೋಷ ಭಾಷೆಯದಲ್ಲ. ತಾಯಿಭಾಷೆಗೆ ಬಾಗಿಲು ಹಾಕಿದ್ದೇ ದೋಷ. ಈ ಬಾರಿಯ ಕೊರತೆ ನೀರಿನದಲ್ಲ, ಅಕ್ಷರದ್ದು.

ಅಂದು ಔರಾದ್ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕಮಲನಗರದಲ್ಲಿ 1889ರಲ್ಲಿ ಜನಿಸಿದವರು ಚನ್ನಬಸವ ಪಟ್ಟದ್ದೇವರು. ಭಾಲ್ಕಿ ಹಿರೇಮಠದ ಪಟ್ಟಕ್ಕೆ ಬಂದ ಮೇಲೆ ಅವರು ಮಠವನ್ನು ಪೂಜೆಯ ಜಾಗವಾಗಿ ಮಾತ್ರ ಇಟ್ಟುಕೊಳ್ಳಲಿಲ್ಲ, ಪಾಠಶಾಲೆಯನ್ನೂ ಮಾಡಿದರು. ಭಾಲ್ಕಿಯಲ್ಲೂ ಕಮಲನಗರದಲ್ಲೂ ಶಾಲೆಗಳನ್ನು ತೆರೆದರು. ಜಾತಿಭೇದವಿಲ್ಲದೆ ಮಕ್ಕಳನ್ನು ಸೇರಿಸಿಕೊಂಡು ಅನ್ನ, ವಸತಿ, ಪಾಠ ಒದಗಿಸಿದರು. ಆ ಶಾಲೆಯ ಬಗ್ಗೆ ಈ ಭಾಗದ ಎಲ್ಲರೂ ಹೇಳುವ ಮಾತೊಂದಿದೆ: ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ಅಧಿಕಾರಿಗಳ ಕಣ್ಣಿಗೆ ಫಲಕ. ಮಕ್ಕಳ ಕಿವಿಗೆ ಅ, ಆ, ಇ, ಈ.

ನಾವು ಹೇಳಿದ ಮೂರು ವಿಷಯಗಳೂ ಇಲ್ಲಿ ಕೂಡಿವೆ. ಕೊರತೆಯಿತ್ತು. ಕಣ್ಣಿಗೆ ಕಟ್ಟುವ ಒಂದು ಚಿತ್ರವಿತ್ತು; ಒಂದು ಹಲಗೆ, ಅದರ ಹಿಂದೆ ಒಂದು ಭಾಷೆ. ಅದನ್ನು ಹೇಳುವ ಬಾಯಿಗಳಿದ್ದವು; ಆ ಶಾಲೆಗಳಲ್ಲಿ ಓದಿ ಬೆಳೆದವರ ಬಾಯಿಗಳು. ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ ಬೀದರ್ ಕನ್ನಡ ನಾಡಿಗೆ ಸೇರಬೇಕೆಂದು ಪಟ್ಟದ್ದೇವರು ಶ್ರಮಿಸಿದರು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಭಾಗವಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಮತ್ತು ನಾರಾಯಣಖೇಡಗಳು ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಸೀಮೆ ಕನ್ನಡ ನಾಡಿನಲ್ಲಿ ಉಳಿಯಿತು. ಪಟ್ಟದ್ದೇವರು 1999ರಲ್ಲಿ, ನೂರು ದಾಟಿದ ತುಂಬು ಬಾಳಿನ ನಂತರ ಲಿಂಗೈಕ್ಯರಾದರು. ಬೀದರಿನ ಜಿಲ್ಲಾ ರಂಗಮಂದಿರಕ್ಕೆ ಇಂದು ಅವರದೇ ಹೆಸರಿದೆ.

ಆದರೆ ಸುಲ್ತಾನನ ಕಥೆಗೂ ಸ್ವಾಮಿಗಳ ಕಥೆಗೂ ಒಂದು ವ್ಯತ್ಯಾಸವಿದೆ. ಮಳೆ ಬರಿಸಿದ ಅರಸನಿಂದ ಜನ ಮಳೆ ಬರಿಸುವುದನ್ನು ಕಲಿಯಲಾರರು; ಕೈಮುಗಿಯುವುದಷ್ಟೇ ಸಾಧ್ಯ. ಅಕ್ಷರ ಕಲಿಸಿದವರಿಂದ ಅಕ್ಷರ ಕಲಿಯಬಹುದು, ಕಲಿತು ಇನ್ನೊಬ್ಬರಿಗೆ ಕಲಿಸಬಹುದು. ಮೊದಲನೆಯ ಬಗೆಯಲ್ಲಿ ಆರಾಧಕ ಇದ್ದಲ್ಲೇ ಇರುತ್ತಾನೆ. ಎರಡನೆಯದರಲ್ಲಿ ಅವನು ಬೆಳೆಯುತ್ತಾನೆ.

ಪರದೆಯ ಮೇಲಿನ ಮುಖ

ಈಗ ಸಿನಿಮಾ ತಾರೆಯರ ಮಾತಿಗೆ ಬರೋಣ. ಔರಾದ್ ಮೂರು ರಾಜ್ಯಗಳು ಕೂಡುವ ಕಡೆಯಿರುವ ತಾಲ್ಲೂಕು. ಅಲ್ಲಿಯ ವಿದ್ಯಾರ್ಥಿ ಮನೆಯಲ್ಲಿ ಮರಾಠಿಯನ್ನೋ ಕನ್ನಡವನ್ನೋ, ಸಂತೆಯಲ್ಲಿ ದಖ್ಖನಿಯನ್ನೋ, ನೆಂಟರ ಊರಿನಲ್ಲಿ ತೆಲುಗನ್ನೋ ಆಡಬಹುದು. ಅವನು ಮೆಚ್ಚುವ ನಟ ಮುಂಬಯಿಯವನೂ ಆಗಬಹುದು, ಹೈದರಾಬಾದಿನವನೂ ಆಗಬಹುದು, ಬೆಂಗಳೂರಿನವನೂ ಆಗಬಹುದು. ಆದರೆ ಆ ಮೆಚ್ಚುಗೆಯ ಹಿಂದಿನ ಕಾರಣ ಅಷ್ಟೂರಿನದೇ: ಅವನಿಗೆ ಏನೋ ಕೊರತೆಯಿದೆ, ಆ ಮುಖದಲ್ಲಿ ಅದಕ್ಕೆ ಉತ್ತರ ಕಾಣುತ್ತಿದೆ.

ಡಾ. ರಾಜಕುಮಾರ್ ಅವರನ್ನೇ ನೋಡಿ. ಹೆಚ್ಚು ಶಾಲೆ ಓದಲಾಗದೆ ಎಳವೆಯಲ್ಲೇ ನಾಟಕ ಕಂಪನಿ ಸೇರಿದವರು ಅವರು. ನಾಯಕರಾಗಿ ನಟಿಸಿದ ‘ಬೇಡರ ಕಣ್ಣಪ್ಪ’ ತೆರೆಕಂಡದ್ದು 1954ರಲ್ಲಿ, ಕನ್ನಡ ನಾಡು ಒಂದಾಗುವ ಎರಡು ವರ್ಷ ಮೊದಲು. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ‘ನಾವೆಲ್ಲ ಒಂದು’ ಎಂದು ತೋರಿಸುವ ಒಂದು ದನಿ, ಒಂದು ಮುಖ ಬೇಕಿತ್ತು. ಬೀದರಿನ ಕನ್ನಡ ಬೇರೆ, ಚಾಮರಾಜನಗರದ ಕನ್ನಡ ಬೇರೆ. ಎರಡು ಊರಿನವರೂ ತಮ್ಮದೆಂದುಕೊಳ್ಳಬಹುದಾದ ಸ್ಪಷ್ಟ ಕನ್ನಡ ಪರದೆಯ ಮೇಲೆ ಕೇಳಿಸಿತು. 1982ರ ಗೋಕಾಕ್ ಚಳವಳಿಗೆ ಅವರು ಧುಮುಕಿದಾಗ ಅದು ಸಾಹಿತಿಗಳ ಸಭೆಯಿಂದ ಬೀದಿಯ ಜನಸಾಗರಕ್ಕೆ ಹರಡಿತು. ಅಭಿಮಾನಿಗಳನ್ನು ಅವರು ‘ದೇವರುಗಳೇ’ ಎಂದು ಕರೆಯುತ್ತಿದ್ದರು. ಭಾಯಿ ಸಾಹಿಬ್ ಸಿಂಗರ ಕಥೆ ಇಲ್ಲಿ ನೆನಪಾಗುತ್ತದೆ; ಪೂಜೆಯ ದಿಕ್ಕನ್ನು ತಿರುಗಿಸುವ ಪ್ರಯತ್ನವೇ ಇದು ಕೂಡ.

ದೂರದರ್ಶನ ಬಂದ ಮೇಲೆ ಇನ್ನೊಂದು ಬದಲಾವಣೆಯಾಯಿತು. ಅಷ್ಟೂರಿನ ಭಕ್ತ ವರ್ಷಕ್ಕೊಮ್ಮೆ ಗೋರಿಯ ಮುಂದೆ ನಿಲ್ಲುತ್ತಾನೆ. ತಾರೆಯ ಮುಖ ದಿನವೂ ನಮ್ಮ ಮನೆಗೇ ಬರುತ್ತದೆ, ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುತ್ತದೆ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಇದನ್ನು ಗುರುತಿಸಿದರು. ಪರದೆಯ ಮೇಲಿನ ವ್ಯಕ್ತಿಯ ಜೊತೆ ನೋಡುಗನಿಗೆ ಗೆಳೆತನದಂಥ ಭಾವ ಬೆಳೆಯುತ್ತದೆ, ಆದರೆ ಅದು ಒಂದು ಕಡೆಯ ಗೆಳೆತನ; ಇವನಿಗೆ ಅವನು ಗೊತ್ತು, ಅವನಿಗೆ ಇವನು ಗೊತ್ತಿಲ್ಲ ಎಂದರು. ಇಂದು ಕೈಯಲ್ಲಿರುವ ಮೊಬೈಲು ಆ ಮುಖವನ್ನು ದಿನಕ್ಕೆ ನೂರು ಸಲ ತೋರಿಸುತ್ತದೆ. ಅಂದರೆ ನಾವು ಹೇಳಿದ ಮೂರರಲ್ಲಿ ಎರಡು, ಕಣ್ಣಿಗೆ ಕಾಣುವ ಗಳಿಗೆ ಮತ್ತು ಅದರ ಪುನರಾವರ್ತನೆ, ಈಗ ಹಣ ಕೊಟ್ಟರೆ ತಯಾರಾಗುತ್ತವೆ. ತಯಾರಿಸಲಾಗದ್ದು ಒಂದೇ: ನಮ್ಮೊಳಗಿನ ಕೊರತೆ. ಅದು ಮಾತ್ರ ನಮ್ಮದೇ. ಹರೆಯದಲ್ಲಿ ಎಲ್ಲರಿಗೂ ಒಂದು ಹಸಿವಿರುತ್ತದೆ. ನಾನು ಯಾರು, ನನ್ನನ್ನು ಯಾರು ಗುರುತಿಸುತ್ತಾರೆ, ನಾನು ಯಾರ ಜೊತೆಗೆ ಸೇರಿದವನು ಎಂಬ ಹಸಿವು. ಒಂದೇ ನಟನ ಹೆಸರು ಕೂಗುವ ಸಾವಿರ ಜನರ ನಡುವೆ ನಿಂತಾಗ ಅದು ಸ್ವಲ್ಪ ಹೊತ್ತು ತಣಿಯುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಎರಡು ದಾರಿಗಳು

ಆದರೆ ಅಲ್ಲಿಂದ ಮುಂದಕ್ಕೆ ದಾರಿ ಕವಲೊಡೆಯುತ್ತದೆ. 2006ರ ಏಪ್ರಿಲ್ 12ರಂದು ರಾಜಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ದುಃಖವು ಹಿಂಸೆಗೆ ತಿರುಗಿತು. ವಾಹನಗಳು ಉರಿದವು, ಪ್ರಾಣಗಳು ಹೋದವು. ಸತ್ತವರಲ್ಲಿ ಕೆಲಸದ ಮೇಲಿದ್ದ ಪೊಲೀಸರೊಬ್ಬರೂ ಇದ್ದರು. ಅದೇ ದಿನ, ಅದೇ ಮನುಷ್ಯನ ಕಣ್ಣುಗಳು ದಾನವಾಗಿ ಇನ್ನೊಬ್ಬರಿಗೆ ಬೆಳಕಾದವು. 2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ ಪುನೀತ್ ರಾಜಕುಮಾರ್ ಹಠಾತ್ತನೆ ತೀರಿಕೊಂಡರು. ಅವರ ಕಣ್ಣುಗಳೂ ದಾನವಾದವು. ಈ ಬಾರಿ ಲಕ್ಷಾಂತರ ಜನ ಸಾಲಿನಲ್ಲಿ ನಿಂತು ದರ್ಶನ ಪಡೆದರು. ಮುಂದಿನ ತಿಂಗಳುಗಳಲ್ಲಿ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ಹಿಂದೆಂದೂ ಇಲ್ಲದಷ್ಟು ಏರಿತು. ಒಂದೇ ಮನೆ, ಒಂದೇ ಬಗೆಯ ಪ್ರೀತಿ. ಒಮ್ಮೆ ಅದು ಬಸ್ಸಿಗೆ ಬೆಂಕಿಯಾಯಿತು, ಇನ್ನೊಮ್ಮೆ ಕುರುಡನಿಗೆ ಕಣ್ಣಾಯಿತು. ವ್ಯತ್ಯಾಸ ಇದ್ದದ್ದು ಆರಾಧಿಸಲ್ಪಟ್ಟವರಲ್ಲಿ ಅಲ್ಲ, ಆರಾಧಿಸಿದವರಲ್ಲಿ.

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಅವರ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸಲು ಹೋಗಿ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. ನಟರು ಆ ಮನೆಗಳಿಗೆ ಬಂದರು, ಇಂತಹ ಅಭಿಮಾನ ಬೇಡವೆಂದು ಎಲ್ಲರಲ್ಲೂ ಬೇಡಿಕೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ತಂಡದ ವಿಜಯೋತ್ಸವ ನೋಡಲು ನೂಕುನುಗ್ಗಲಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ನಿಮ್ಮ ವಯಸ್ಸಿನ ಆಸುಪಾಸಿನವರು. ಅಲ್ಲಿ ಜನರನ್ನು ಕಾಯಬೇಕಾದ ವ್ಯವಸ್ಥೆಯ ಹೊಣೆಯೂ ಇದೆ, ಅದನ್ನು ಮರೆಯಬಾರದು. ಆದರೂ ಒಂದು ಮಾತು ಉಳಿಯುತ್ತದೆ. ಯಾವ ಮುಖಕ್ಕಾಗಿ ಅವರು ಅಲ್ಲಿ ನಿಂತಿದ್ದರೋ ಆ ಮುಖಕ್ಕೆ ಅವರ ಹೆಸರು ತಿಳಿದದ್ದು ಅವರು ಸತ್ತ ಮೇಲೆ.

ನಿಮ್ಮ ಗೋಡೆಯ ಚಿತ್ರ

ಆದ್ದರಿಂದ, ವಿದ್ಯಾರ್ಥಿಗಳೇ, ಗೋಡೆಯ ಮೇಲಿನ ಚಿತ್ರವನ್ನು ಕಿತ್ತುಹಾಕಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಮೆಚ್ಚುವ ಮನಸ್ಸು ಬತ್ತಿದರೆ ಕಲಿಯುವ ಮನಸ್ಸೂ ಬತ್ತುತ್ತದೆ. ಆದರೆ ಆ ಚಿತ್ರದ ಮುಂದೆ ನಿಂತು ಮೂರು ಪ್ರಶ್ನೆ ಕೇಳಿಕೊಳ್ಳಿ.

ನನ್ನ ಯಾವ ಕೊರತೆಗೆ ಈ ಮುಖ ಉತ್ತರದಂತೆ ಕಾಣುತ್ತಿದೆ?

ಈ ವ್ಯಕ್ತಿಯ ಬದುಕಿನಲ್ಲಿ ನನಗೆ ಕಾಣುತ್ತಿರುವ ಪಾಲು ಎಷ್ಟು, ಕಾಣದೆ ಉಳಿದ ಪಾಲು ಎಷ್ಟು?

ಇವರನ್ನು ಮೆಚ್ಚಿದ್ದರಿಂದ ನಾನು ಕೈಮುಗಿದು ಇದ್ದಲ್ಲೇ ನಿಂತಿದ್ದೇನೆಯೇ, ಅಥವಾ ಏನಾದರೂ ಮಾಡಲು ಕಲಿತಿದ್ದೇನೆಯೇ?

ಸಾಧ್ಯವಾದರೆ ಒಂದು ದಿನ ಬೀದರಿಗೆ ಹೋಗಿ ಬನ್ನಿ. ಅಷ್ಟೂರಿನ ಗುಮ್ಮಟದೊಳಗೆ ಮಾಸಿದ ಚಿನ್ನದ ಬಣ್ಣದ ಬರಹಗಳನ್ನು ನೋಡಿ. ಭಾಲ್ಕಿಯ ಹಿರೇಮಠದ ಅಂಗಳದಲ್ಲಿ ನಿಂತು, ಬೇರೆ ಭಾಷೆಯ ಹಲಗೆಯ ಹಿಂದೆ ಪಿಸುದನಿಯಲ್ಲಿ ಅಕ್ಷರ ಕಲಿತ ಮಕ್ಕಳನ್ನು ನೆನೆಯಿರಿ. ಆಮೇಲೆ ನೌಬಾದಿಗೆ ಹೋಗಿ ಸುರಂಗ ಬಾವಿಯ ಕಿಂಡಿಯ ಬಳಿ ಒಂದು ಗಳಿಗೆ ನಿಲ್ಲಿ. ಅಲ್ಲಿ ಯಾರ ಚಿತ್ರವೂ ಇಲ್ಲ, ಯಾರ ಹೆಸರೂ ಇಲ್ಲ. ಆದರೂ ಈ ಊರಿನ ಎಷ್ಟೋ ತಲೆಮಾರುಗಳು ಕುಡಿದದ್ದು ಆ ಹೆಸರಿಲ್ಲದವರು ತಂದ ನೀರನ್ನು. ನೀವು ತರುವ ಒಂದು ಹೂವು ಅವರಿಗೂ ಸಲ್ಲಲಿ.